ಪಾಪರಾದವನು ಪಾಪಿಯಲ್ಲ

ಸಾಲ ತೀರಿಸಲಾಗದೆ ಕೈಚೆಲ್ಲಿದವನನ್ನು ಕುರಿತು ‘ಅವನು ಪಾಪರ್ ಆದ’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿದವನು ‘ಪಾಪರ್ ಚೀಟಿ ತೆಗೆದುಕೊಂಡವನು’ ಎನಿಸಿಕೊಳ್ಳುತ್ತಾನೆ. ಕನ್ನಡದ ಕಿವಿಗೆ ಈ ಪದದಲ್ಲಿ ಮೊದಲು ಕೇಳಿಸುವುದು ಪಾಪವೇ. ಆದುದರಿಂದಲೇ ಏನೋ, ದಿವಾಳಿಯಾದವನನ್ನು ನಾವು ತಪ್ಪಿತಸ್ಥನಂತೆ ನೋಡುತ್ತೇವೆ. ಅವನೂ ತಲೆ ತಗ್ಗಿಸಿ ನಡೆಯುತ್ತಾನೆ. ವಾಸ್ತವವಾಗಿ ಈ ಪದಕ್ಕೂ ಪಾಪಕ್ಕೂ ಯಾವ ನಂಟೂ ಇಲ್ಲ. ಇಂಗ್ಲಿಷರ ನ್ಯಾಯಾಲಯಗಳ ಮೂಲಕ ನಮ್ಮಲ್ಲಿಗೆ ಬಂದ ಲತೀನ್ ಪದವಿದು. ಇದರ ಅರ್ಥ ‘ಬಡವ’ ಎಂದಷ್ಟೆ. ಪ್ರಭು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಮೊಟ್ಟಮೊದಲು ಧನ್ಯರೆಂದು ಕರೆದವರನ್ನು ಲತೀನ್ ಬೈಬಲ್ ಹೆಸರಿಸುವುದು ಇದೇ ಪದದಿಂದ ಎಂಬುದನ್ನು ನಾವು ನೆನಪಿಡಬೇಕು.

ಈ ವಾರ ಇಂತಹ ಬಡವನ ಒಂದು ವಿಚಿತ್ರ ಸಂಕಟವನ್ನು ಓದುಗರ ಮುಂದಿಡಬಯಸುತ್ತೇವೆ. ‘ನನ್ನಲ್ಲಿ ಏನೂ ಉಳಿದಿಲ್ಲ’ ಎಂದು ನ್ಯಾಯಾಲಯಕ್ಕೆ ತಿಳಿಸುವುದಕ್ಕೂ ಹಣ ಬೇಕು. ವಕೀಲರ ಫೀಸು, ನ್ಯಾಯಾಲಯದ ಶುಲ್ಕ, ಸಾಲಪತ್ರಗಳ ಹಾಗೂ ಡಿಕ್ರಿಗಳ ನಕಲು, ಸಾಲ ಕೊಟ್ಟ ಪ್ರತಿಯೊಬ್ಬರಿಗೂ ನೋಟೀಸು, ವಾಯಿದೆಯ ದಿನ ಹಾಸನಕ್ಕೆ ಬಂದು ಹೋಗುವ ಬಸ್ಸಿನ ಖರ್ಚು, ಆ ದಿನ ಕೈತಪ್ಪುವ ಕೂಲಿ, ಇವೆಲ್ಲ ಸೇರಿದರೆ ಬರಿಗೈಯವನ ಪಾಲಿಗೆ ಅದು ಸಣ್ಣ ಮೊತ್ತವಲ್ಲ. ಆಗ ಮನೆಯೊಳಗಿನ ಸಾಮಾನುಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲು ಹಿತ್ತಾಳೆ ಹಂಡೆ, ಬಳಿಕ ಮಂಚ, ಹೊಲಿಗೆ ಯಂತ್ರ, ಉಳುವ ಜೋಡಿ ಎತ್ತಿನಲ್ಲಿ ಒಂದು, ಕೊನೆಗೆ ಹೆಂಡತಿಯ ಕೊರಳಿನದು. ಸಾಲದಿಂದ ಬಿಡುಗಡೆ ಬೇಡುವ ಅರ್ಜಿಗಾಗಿಯೇ ಸಂಸಾರವನ್ನು ಬರಿದುಮಾಡಿಕೊಳ್ಳುವ ಈ ಪರಿ ಎಷ್ಟು ಸರಿ? ಅದು ಅನಿವಾರ್ಯವೇ? ಇದು ಆಲೋಚಿಸಬೇಕಾದ ಪ್ರಶ್ನೆ.

ವ್ಯಾಪಾರವಾಗಲಿ ಅದರ ಏಳುಬೀಳಾಗಲಿ ನಮ್ಮ ಸೀಮೆಗೆ ಹೊಸದಲ್ಲ. ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇಗುಲವನ್ನು ಕಟ್ಟಿಸಿದವರು ಅರಸರಲ್ಲ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 12ನೆಯ ಶತಮಾನದ ಆರಂಭದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಅದನ್ನು ಕಟ್ಟಿಸಿದರು. ಗೆದ್ದ ವರ್ತಕನ ಹೆಸರು ಒಂಬೈನೂರು ವರ್ಷಗಳ ಮೇಲೂ ಉಳಿದಿದೆ. ಸೋತ ವರ್ತಕರ, ಸೋತ ಒಕ್ಕಲಿನ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಅಂಗಮಾರಿ ತಗುಲಿದ ಆಲೂಗಡ್ಡೆ, ಬೆಲೆ ಕುಸಿದ ಶುಂಠಿ, ನುಸಿ ಹಿಡಿದ ತೆಂಗು, ಹರಾಜುಕಟ್ಟೆಯಲ್ಲಿ ನಿರೀಕ್ಷಿಸಿದ ದರ ಸಿಗದ ಹೊಗೆಸೊಪ್ಪು, ಇವು ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಮನೆಗಳು ಬಲ್ಲ ಕಷ್ಟಗಳು. ಒಂದು ಬೆಳೆ ಕೈಕೊಟ್ಟಾಗ ಕೈಸಾಲ, ಅದನ್ನು ತೀರಿಸಲು ಸಂಘದ ಸಾಲ, ಅದರ ಕಂತಿಗಾಗಿ ಮೀಟರ್ ಬಡ್ಡಿ. ಹೀಗೆ ಸಾಲವೇ ಸಾಲವನ್ನು ಹೆರುತ್ತಾ ಹೋಗುತ್ತದೆ.

ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯೋಣ. ನಮ್ಮಂಥ ಜಿಲ್ಲೆಗಳಲ್ಲಿ ಸಾಮಾನ್ಯ ವ್ಯಕ್ತಿಯ ದಿವಾಳಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮ. ಅರ್ಜಿ ಸಲ್ಲಬೇಕಾದದ್ದು ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಯಲ್ಲಿ. ಸಾಲ ತೀರಿಸಲು ಶಕ್ತಿಯಿಲ್ಲದವನ ಒಟ್ಟು ಸಾಲ 500 ರೂಪಾಯಿ ಮುಟ್ಟಿದ್ದರೆ, ಇಲ್ಲವೆ ಡಿಕ್ರಿಯ ಅಮಲ್ಜಾರಿಯಲ್ಲಿ ಅವನು ಬಂಧಿತನಾಗಿದ್ದರೆ, ಇಲ್ಲವೆ ಅವನ ಸ್ವತ್ತಿನ ಮೇಲೆ ಜಫ್ತಿಯ ಆದೇಶವಿದ್ದರೆ ಅವನು ಅರ್ಜಿ ಸಲ್ಲಿಸಬಹುದು. ನ್ಯಾಯಾಲಯ ಅವನನ್ನು ದಿವಾಳಿಯೆಂದು ಸಾರಿದ ಮೇಲೆ ಅವನ ಸ್ವತ್ತು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ಕೈಸೇರುತ್ತದೆ. ಅದನ್ನು ಮಾರಿ ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಲಾಗುತ್ತದೆ. ಅಂದಿನಿಂದ ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವರು ಆ ಸಾಲಕ್ಕಾಗಿ ಅವನ ಮೇಲೆ ಬೇರೆ ಕ್ರಮ ಜರುಗಿಸುವಂತಿಲ್ಲ. ಕೊನೆಗೆ ನ್ಯಾಯಾಲಯ ವಿಮುಕ್ತಿಯ ಆದೇಶ ನೀಡಿದರೆ, ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಮೊದಲಾದ ಕೆಲವನ್ನು ಬಿಟ್ಟು ಉಳಿದವುಗಳಿಂದ ಅವನು ಬಿಡುಗಡೆ ಹೊಂದುತ್ತಾನೆ.

ಇಲ್ಲಿ ಬಹುಮಂದಿ ಅರಿಯದ ಒಂದು ಮಾತಿದೆ. ‘ಎಲ್ಲವೂ ನ್ಯಾಯಾಲಯದ ಕೈಸೇರುತ್ತದೆ’ ಎಂದರೆ ನಿಜವಾಗಿ ಎಲ್ಲವೂ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣ ಯಾವುದನ್ನು ಜಫ್ತಿಯಿಂದ ಕಾಯುತ್ತದೆಯೋ ಅದನ್ನು ದಿವಾಳಿಯ ಕಾಯಿದೆಯೂ ಮುಟ್ಟುವುದಿಲ್ಲ. ಸಾಲಗಾರನ, ಅವನ ಹೆಂಡತಿ ಮಕ್ಕಳ ತೊಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣುಮಗಳು ಕೊರಳಿನಿಂದ ಕಳಚಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನಾಗಿದ್ದರೆ ಬೇಸಾಯದ ಸಲಕರಣೆ, ಅವನ ಜೀವನಕ್ಕೆ ಬೇಕೆಂದು ನ್ಯಾಯಾಲಯಕ್ಕೆ ತೋರುವಷ್ಟು ದನ ಮತ್ತು ಬಿತ್ತನೆಯ ಧಾನ್ಯ, ಅವನು ವಾಸಿಸುವ ಮನೆ, ಕೂಲಿಕಾರನ ಕೂಲಿ. ಇವನ್ನು ಅಮೀನನು ಜಫ್ತಿ ಮಾಡುವಂತಿಲ್ಲ. ಅಡವಿಟ್ಟ ಚಿನ್ನ, ಆಧಾರ ಮಾಡಿಕೊಟ್ಟ ಮನೆ ಅಥವಾ ಜಮೀನು ಮಾತ್ರ ಬೇರೆ ಮಾತು. ಅವುಗಳ ಮೇಲೆ ಅಡವು ಹಿಡಿದವನ ಹಕ್ಕು ಉಳಿದೇ ಇರುತ್ತದೆ.

ಈ ಪಟ್ಟಿಯನ್ನೂ ಮೇಲೆ ಹೇಳಿದ ಸಾಮಾನುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಹಂಡೆ, ಮಂಚ, ಹೊಲಿಗೆ ಯಂತ್ರ, ಎತ್ತು, ತಾಳಿ. ಸಾಲ ಕೊಟ್ಟವನು ಮುಟ್ಟಲಾಗದಂತೆ ಕಾಯಿದೆ ಕಾಪಾಡುವ ವಸ್ತುಗಳನ್ನೇ ಸಾಲಗಾರನು ತನ್ನ ಕೈಯಾರೆ ಮೊದಲು ಮಾರುತ್ತಾನೆ! ಬೇಗ ಮಾರಿಹೋಗುವುದು, ಹೆಗಲ ಮೇಲೆ ಹೊತ್ತು ಒಯ್ಯಬಹುದಾದದ್ದು ಅವೇ ಎಂಬುದು ಒಂದು ಕಾರಣ. ‘ಹೇಗೂ ಜಫ್ತಿಯಾಗುತ್ತದೆ’ ಎಂಬ ಹುಸಿ ಭಯ ಇನ್ನೊಂದು. ಮಾರಿ ಹಣವಾಗಿಸಿದ ಮೇಲೆ ಆ ವಸ್ತುವಿಗಿದ್ದ ರಕ್ಷಣೆಯನ್ನು ಹಣಕ್ಕೆ ಕೇಳುವುದು ಸುಲಭವಲ್ಲ. ಮಂಚವನ್ನು ಜಫ್ತಿ ಮಾಡುವಂತಿಲ್ಲ, ಮಂಚ ಮಾರಿದ ಹಣದ ಮಾತು ಹಾಗಲ್ಲ. ಆದ್ದರಿಂದ ಮಾರಲೇಬೇಕಾಗಿ ಬಂದರೆ ಮೊದಲು ಮಾರಬೇಕಾದದ್ದು ಬದುಕಿಗೆ ಅನಿವಾರ್ಯವಲ್ಲದ್ದನ್ನು. ಟಿ.ವಿ., ಹೆಚ್ಚಿನ ಒಡವೆ, ಇಲ್ಲದಿದ್ದರೂ ನಡೆಯುವ ಬೈಕು. ದುಡಿಯುವ ಉಪಕರಣವೂ ಮಲಗುವ ಹಾಸಿಗೆಯೂ ಕಟ್ಟಕಡೆಯವು. ಸಾಧ್ಯವಾದರೆ ಎಂದೆಂದಿಗೂ ಅಲ್ಲ.

ಈ ವಿವೇಕ ಇಂಗ್ಲಿಷರು ಬರೆದ ಕಾಯಿದೆಯಿಂದ ಹುಟ್ಟಿದ್ದಲ್ಲ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಬೀಸುವ ಕಲ್ಲನ್ನು ಒತ್ತೆಯಾಗಿ ಪಡೆಯಬಾರದೆಂದು ವಿಧಿಸುತ್ತದೆ. ಬೀಸುವ ಕಲ್ಲನ್ನು ಕೊಂಡೊಯ್ಯುವವನು ಆ ಮನೆಯ ಪ್ರಾಣವನ್ನೇ ಒತ್ತೆ ಇಟ್ಟುಕೊಂಡಂತೆ ಎಂಬುದು ಅದರ ತಾತ್ಪರ್ಯ. ರಾಗಿ ಕಲ್ಲಿನ ಸದ್ದಿಗೆ ಬೆಳಗಾಗುತ್ತಿದ್ದ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡವನು ಒತ್ತೆಯಿಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಮರಳಿಸಬೇಕು, ಒತ್ತೆಗಾಗಿ ಅವನ ಮನೆಯೊಳಗೆ ನುಗ್ಗದೆ ಹೊರಗೇ ನಿಲ್ಲಬೇಕು ಎಂದೂ ಅಲ್ಲಿದೆ. ಸಾಲ ವಸೂಲಿಗೊಂದು ಹೊಸ್ತಿಲಿದೆ, ಅದನ್ನು ದಾಟಬಾರದು ಎಂಬುದೇ ಮೋಶೆಯ ಧರ್ಮಶಾಸ್ತ್ರಕ್ಕೂ ನಮ್ಮ ಸಿವಿಲ್ ಸಂಹಿತೆಗೂ ಸಮಾನವಾದ ತಿರುಳು.

‘ಹಾಗಾದರೆ ಸಾಲ ಮಾಡಿ ಕೈಯೆತ್ತಿಬಿಡುವುದು ಧರ್ಮವೇ?’ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದೇ. ಸಾಲ ಕೊಟ್ಟವರೆಲ್ಲರೂ ಬಡ್ಡಿಕೋರರಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ನಂಬಿ ಕೊಟ್ಟ ವಿಧವೆ ಇರಬಹುದು, ಬಿತ್ತನೆ ಬೀಜವನ್ನು ಉದ್ರಿಯಾಗಿ ಕೊಟ್ಟ ಸಣ್ಣ ಅಂಗಡಿಯವನಿರಬಹುದು. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ನ್ಯಾಯ; ಅದು ಔದಾರ್ಯದ ಮಾತಲ್ಲ. ಆದರೆ ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲವೆಂಬುದು ನೀತಿಶಾಸ್ತ್ರದ ಹಳೆಯ ಸೂತ್ರ. ಇದ್ದೂ ಇಲ್ಲವೆನ್ನುವುದು ಬೇರೆ, ಇಲ್ಲದೆ ಇಲ್ಲವೆನ್ನುವುದು ಬೇರೆ. ಮೊದಲನೆಯದು ಮೋಸ, ಎರಡನೆಯದು ಸತ್ಯ. ದಿವಾಳಿಯ ಕಾಯಿದೆಯ ಕೆಲಸವೇ ಇವೆರಡನ್ನೂ ಬೇರ್ಪಡಿಸುವುದು. ಸ್ವತ್ತಿನ ಮೌಲ್ಯ ಆಧಾರವಿಲ್ಲದ ಸಾಲಗಳ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ ಪೂರ್ಣ ವಿಮುಕ್ತಿಯನ್ನು ನಿರಾಕರಿಸಬೇಕೆಂದು ಅದು ಹೇಳುತ್ತದೆ. ಆದರೆ ತನ್ನ ಹೊಣೆಯಲ್ಲದ ಕಾರಣದಿಂದ ಹಾಗಾಯಿತೆಂದು ಸಾಲಗಾರನು ತೋರಿಸಿಕೊಟ್ಟರೆ ಆ ಮಾತು ಅವನಿಗೆ ತಗುಲುವುದಿಲ್ಲ. ಬೆಳೆಗೆ ಬಿದ್ದ ರೋಗವನ್ನೂ ಇಸ್ಪೀಟಿನ ಮೇಜಿನಲ್ಲಿ ಕಳೆದ ಹಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ತಿಳಿವು ಇಲ್ಲಿದೆ.

ಈ ಕಾರಣಕ್ಕೇ, ಅರ್ಜಿಯ ಖರ್ಚಿಗಾಗಿ ಸಾಮಾನು ಮಾರುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಕತ್ತಲಲ್ಲಿ ಮಾರಬಾರದು. ಯಾವುದನ್ನು, ಯಾರಿಗೆ, ಎಷ್ಟಕ್ಕೆ ಮಾರಿದಿರಿ, ಆ ಹಣ ಯಾವುದಕ್ಕೆ ಹೋಯಿತು ಎಂಬುದನ್ನು ಬರೆದಿಟ್ಟು ರಸೀದಿಗಳನ್ನು ಕಾಪಾಡಬೇಕು. ಭಾವಮೈದುನನ ಹೆಸರಿಗೆ ಹೆಸರಿಗಷ್ಟೇ ಬರೆದುಕೊಡುವುದು ಬೇಡ; ತಕ್ಕ ಬೆಲೆಯಿಲ್ಲದೆ, ಪ್ರಾಮಾಣಿಕವಲ್ಲದೆ ಎರಡು ವರ್ಷದೊಳಗೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಲ್ಲದು. ಒಬ್ಬ ಸಾಲಗಾರನ ಬಾಯಿ ಮುಚ್ಚಿಸಲೆಂದು ಅರ್ಜಿಯ ಹಿಂದಿನ ಮೂರು ತಿಂಗಳಲ್ಲಿ ಅವನೊಬ್ಬನಿಗೇ ಹೆಚ್ಚು ಒಲವು ತೋರಿ ಸ್ವತ್ತು ಒಪ್ಪಿಸಿದರೆ ಅದೂ ನಿಲ್ಲುವುದಿಲ್ಲ. ಬೇಕೆಂದೇ ಬಚ್ಚಿಟ್ಟದ್ದು ರುಜುವಾತಾದರೆ ಜೈಲು ಶಿಕ್ಷೆಯೂ ಉಂಟು. ವಕೀಲರ ಮುಂದೆಯೂ ನ್ಯಾಯಾಲಯದ ಮುಂದೆಯೂ ಇದ್ದದ್ದನ್ನು ಇದ್ದಂತೆ ಹೇಳುವುದೇ ಸಾಲಗಾರನ ಅತಿ ದೊಡ್ಡ ಆಸ್ತಿ.

ಇನ್ನು ಕೊಳ್ಳುವವರ ಮಾತು. ಮಾರುವವನ ಅವಮಾನದ ಬಗ್ಗೆ ಊರೆಲ್ಲ ಮಾತನಾಡುತ್ತದೆ, ಕೊಳ್ಳುವವನ ಆತ್ಮಸಾಕ್ಷಿಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ನೆರೆಮನೆಯವನು ನಾಳೆಯ ವಾಯಿದೆಗೆ ಹಣ ಹೊಂದಿಸಲಾಗದೆ ಒದ್ದಾಡುವಾಗ ಅವನ ಹಸುವನ್ನು ಅರ್ಧ ಬೆಲೆಗೆ ಹೊಡೆದುಕೊಂಡು ಬಂದು ‘ಒಳ್ಳೆಯ ವ್ಯಾಪಾರವಾಯಿತು’ ಎಂದು ಬೀಗುವವರು ನಮ್ಮ ನಡುವೆಯೂ ಇದ್ದಾರೆ. ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಕೊಡುಕೊಳುವಿನ ನ್ಯಾಯವನ್ನು ವಿವೇಚಿಸುತ್ತಾ, ಎದುರಿನವನ ಅಗತ್ಯವನ್ನೇ ಬಂಡವಾಳ ಮಾಡಿಕೊಂಡು ಬೆಲೆ ಏರಿಸುವುದು ಸಲ್ಲದೆಂದರು. ಏರಿಸುವುದಕ್ಕೆ ಸಲ್ಲುವ ಮಾತು ಇಳಿಸುವುದಕ್ಕೂ ಸಲ್ಲುತ್ತದೆ. ಸಂಕಟದಲ್ಲಿರುವವನಿಂದ ಕೊಳ್ಳುವುದು ತಪ್ಪಲ್ಲ, ಸಂತೆಯ ಬೆಲೆ ಕೊಟ್ಟು ಕೊಂಡರೆ ಅದು ಉಪಕಾರವೇ. ಅವನ ಸಂಕಟಕ್ಕೆ ಬೆಲೆ ಕಟ್ಟಿ ಅಷ್ಟನ್ನು ಮುರಿದುಕೊಳ್ಳುವುದು ಮಾತ್ರ ತಪ್ಪು.

ಜೈಲಿನ ಭಯವೂ ಜನರನ್ನು ಅವಸರದ ಮಾರಾಟಕ್ಕೆ ನೂಕುತ್ತದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲವೆಂದು ಸಿವಿಲ್ ಸಂಹಿತೆಯ 56ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಗಂಡಸರ ವಿಷಯದಲ್ಲಿಯೂ, ಕೊಡಲು ಶಕ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಸೆರೆಗೆ ಹಾಕುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ಒಪ್ಪುವುದಿಲ್ಲವೆಂದು, ಬಡತನ ಅಪರಾಧವಲ್ಲವೆಂದು, ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಇದ್ದೂ ಕೊಡದ ವಂಚಕನಿಗೆ ಸೆರೆಯ ದಾರಿ ತೆರೆದಿದೆ, ಇಲ್ಲದವನಿಗಲ್ಲ. ಬಾಗಿಲಲ್ಲಿ ನಿಂತು ‘ಜೈಲಿಗೆ ಹಾಕಿಸುತ್ತೇನೆ’ ಎಂದು ಗದರುವವನ ಮಾತಿಗೆ ಬೆದರಿ ತಾಳಿ ಬಿಚ್ಚುವ ಮುನ್ನ ಈ ಸಂಗತಿಯನ್ನು ನೆನೆಯಬೇಕು.

ಖರ್ಚಿನ ವಿಷಯದಲ್ಲಿಯೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೆಂದು ಕೇಳದೆ ಉಚಿತ ಕಾನೂನು ನೆರವು ಸಲ್ಲುತ್ತದೆ. ಉಳಿದವರಿಗೆ ನಿಗದಿತ ವರಮಾನದ ಮಿತಿಯೊಳಗೆ ಸಲ್ಲುತ್ತದೆ. ಸಂಘದ ಸಾಲಗಳು ಬಹುಮಟ್ಟಿಗೆ ಹೆಂಗಸರ ಹೆಸರಿನಲ್ಲೇ ಇರುವುದರಿಂದ ಈ ಹಕ್ಕು ನಮ್ಮ ಮನೆಗಳಿಗೆ ತೀರ ಹತ್ತಿರದ್ದು. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದಿರುವ ಅನ್ಯಾಯ ಇಲ್ಲಿಯೂ ಕಾಡುತ್ತದಾದರೂ, ಅವರ ಮನೆಯ ಹೆಣ್ಣುಮಕ್ಕಳಿಗೆ ಈ ಬಾಗಿಲು ಮುಚ್ಚಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಬಹುದು. 15100 ಎಂಬ ಸಂಖ್ಯೆಗೆ ದೂರವಾಣಿ ಕರೆ ಮಾಡಿಯೂ ವಿಚಾರಿಸಬಹುದು. ಹಂಡೆ ಮಾರುವ ಮುನ್ನ ಈ ಒಂದು ಕೆಲಸ ಆಗಲಿ.

ಸರ್ಕಾರಗಳೂ ಕೈಕಟ್ಟಿ ಕುಳಿತಿಲ್ಲ. ಆದರೆ ಮಾಡಿದ್ದು ಪೂರ್ಣವೂ ಅಲ್ಲ. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯಿದೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2018ರ ಋಣ ಪರಿಹಾರ ಅಧಿನಿಯಮ 2019ರ ಜುಲೈನಲ್ಲಿ ಜಾರಿಗೆ ಬಂದು, ಸಣ್ಣ ರೈತರಿಗೆ, ಭೂರಹಿತ ಕೃಷಿ ಕಾರ್ಮಿಕರಿಗೆ ಮತ್ತು ದುರ್ಬಲ ವರ್ಗದವರಿಗೆ ಖಾಸಗಿ ಲೇವಾದೇವಿಯವರ ಸಾಲದಿಂದ ಒಂದು ಬಾರಿಯ ಬಿಡುಗಡೆ ಸಾರಿತು. ಅರ್ಜಿಗೆ ಕೊಟ್ಟಿದ್ದ ಅವಧಿ 90 ದಿನ. ಕಿರುಸಾಲದ ವಸೂಲಿಯ ಕಿರುಕುಳ ತಾಳಲಾರದೆ ಚಾಮರಾಜನಗರ ಜಿಲ್ಲೆಯಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಬೆನ್ನಲ್ಲೇ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆ ಮತ್ತು 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ವಿಧಿಸಿತು.

ಆದರೆ ಕಡುಬಡವನ ದಿವಾಳಿಗೆಂದೇ ಬರೆದ ಒಂದು ಅಧ್ಯಾಯ ಪುಸ್ತಕದಲ್ಲೇ ಉಳಿದಿದೆ. ಕೇಂದ್ರದ 2016ರ ದಿವಾಳಿ ಸಂಹಿತೆ ‘ಹೊಸ ಆರಂಭ’ ಎಂಬ ಸರಳ ಪ್ರಕ್ರಿಯೆಯನ್ನು ಕಲ್ಪಿಸಿತು. ವರ್ಷದ ವರಮಾನ 60,000, ಸ್ವತ್ತು 20,000, ಸಾಲ 35,000 ರೂಪಾಯಿ ಮೀರದವನು, ಸ್ವಂತ ಮನೆಯಿಲ್ಲದವನು ಇದರ ಮೂಲಕ ಋಣಮುಕ್ತನಾಗಬಹುದಿತ್ತು. ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗೆ ಸಂಹಿತೆಯ ಭಾಗಗಳು 2019ರ ಡಿಸೆಂಬರ್ 1ರಿಂದ ಜಾರಿಯಾದವು. ಕೂಲಿಕಾರನ ಹೊಸ ಆರಂಭಕ್ಕೆ ಮಾತ್ರ ಇನ್ನೂ ಮುಹೂರ್ತ ಕೂಡಿಬಂದಿಲ್ಲ. ಉದ್ಯಮಪತಿಯ ದಿವಾಳಿಗೆ ನ್ಯಾಯಮಂಡಳಿಗಳಿವೆ, ಕಾಲಮಿತಿಗಳಿವೆ, ಪರಿಣತರಿದ್ದಾರೆ. ಹಂಡೆ ಮಾರುವವನಿಗೆ ಉಳಿದಿರುವುದು ನೂರು ವರ್ಷ ದಾಟಿದ ಕಾಯಿದೆ. ಆ ಅಧ್ಯಾಯವನ್ನು ಇಂದಿನ ಬೆಲೆಗಳಿಗೆ ತಕ್ಕಂತೆ ಮಿತಿಗಳನ್ನು ಏರಿಸಿ ಜಾರಿಗೆ ತರಬೇಕೆಂದು ನಮ್ಮ ಲೋಕಸಭಾ ಸದಸ್ಯರನ್ನು ಕೇಳುವುದು ನಮ್ಮ ಹಕ್ಕು.

ದಿಲ್ಲಿ ದೂರದಲ್ಲಿದೆ, ದೇವಾಲಯ ಹತ್ತಿರದಲ್ಲಿದೆ. ಧರ್ಮಸಭೆ ಈ ವಿಷಯದಲ್ಲಿ ಕೇವಲ ಉಪದೇಶ ಮಾಡಿ ಸುಮ್ಮನಾದದ್ದಲ್ಲ. 1462ರಲ್ಲಿ ಇಟಲಿಯ ಪೆರೂಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ, ಬಡವರ ಒತ್ತೆಯ ಮೇಲೆ ಅತ್ಯಲ್ಪ ವೆಚ್ಚಕ್ಕೆ ಸಾಲ ಕೊಡುವ ಧರ್ಮನಿಧಿ ಆರಂಭವಾಯಿತು. 1515ರಲ್ಲಿ ಐದನೆಯ ಲ್ಯಾಟರನ್ ಮಹಾಸಭೆ ಅಂತಹ ನಿಧಿಗಳನ್ನು ಅನುಮೋದಿಸಿತು. ನಮ್ಮ ಹಾಸನ ಸೀಮೆಯ ಸಾತಳ್ಳಿಯಲ್ಲಿ ಅಬ್ಬೆ ದುಬುವಾ ಅವರು ನೆಲೆ ತಪ್ಪಿದ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ಸಹಕಾರಿ ಬ್ಯಾಂಕನ್ನೇ ಕಟ್ಟಿಕೊಂಡರು. ಜಗದ್ಗುರು ಫ್ರಾನ್ಸಿಸರು 2025ರ ಜೂಬಿಲಿ ವರ್ಷಕ್ಕಾಗಿ 2024ರಲ್ಲಿ ಹೊರಡಿಸಿದ ಘೋಷಣಾಪತ್ರದಲ್ಲಿ ಬಡ ದೇಶಗಳ ಸಾಲವನ್ನು ಮನ್ನಾ ಮಾಡುವಂತೆ ಸಿರಿವಂತ ದೇಶಗಳನ್ನು ಕೇಳಿಕೊಂಡರು. ದೇಶಗಳಿಗೆ ಸಲ್ಲುವ ಕರುಣೆ ನಮ್ಮ ಬೀದಿಯ ಮನೆಗೆ ಸಲ್ಲದೆ?

ಪ್ರಿಯ ಓದುಗರೇ, ನಾವು ಕೇಳುವುದು ದೊಡ್ಡದನ್ನಲ್ಲ. ಯಾರ ಸಾಲವನ್ನೂ ಧರ್ಮಕೇಂದ್ರ ತೀರಿಸಲಾರದು, ತೀರಿಸಬೇಕಾಗಿಯೂ ಇಲ್ಲ. ಆದರೆ ಅರ್ಜಿಯ ನಕಲು, ನೋಟೀಸು, ಬಸ್ಸಿನ ಖರ್ಚುಗಳಿಗೆಂದು ಒಂದು ಚಿಕ್ಕ ನಿಧಿಯನ್ನು ಸಂತ ವಿನ್ಸೆಂಟ್ ದ ಪಾಲ್ ಸಭೆಯ ಮೂಲಕ ಪ್ರತಿ ಧರ್ಮಕೇಂದ್ರವೂ ಇರಿಸಬಹುದು. ನಮ್ಮಲ್ಲಿರುವ ವಕೀಲರು ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಕುಳಿತು ಇಂಥವರ ಕಾಗದಪತ್ರಗಳನ್ನು ಓದಿ ಹೇಳಬಹುದು. ಮಾರಲೇಬೇಕಾದವರಿಗೆ ಸಂತೆಯ ಬೆಲೆ ಸಿಗುವಂತೆ ಇಬ್ಬರು ಹಿರಿಯರು ಜೊತೆಗೆ ನಿಲ್ಲಬಹುದು. ಎಲ್ಲಕ್ಕಿಂತ ಮೊದಲು, ‘ಪಾಪರ್’ ಎಂಬ ಪದವನ್ನು ಬೈಗುಳವಾಗಿ ಬಳಸುವುದನ್ನು ಇಂದೇ ಬಿಡಬಹುದು.

ಅರಸುಗಳ ಎರಡನೆಯ ಗ್ರಂಥದಲ್ಲಿ, ಸಾಲಕ್ಕೆ ಬದಲಾಗಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಳ್ಳಲಿದ್ದ ವಿಧವೆಯೊಬ್ಬಳು ಪ್ರವಾದಿ ಎಲೀಷನ ಬಳಿಗೆ ಬರುತ್ತಾಳೆ. ಅವಳ ಮನೆಯಲ್ಲಿ ಉಳಿದದ್ದು ಒಂದಿಷ್ಟು ಎಣ್ಣೆ ಮಾತ್ರ. ನೆರೆಯವರಿಂದ ಬರಿಯ ಪಾತ್ರೆಗಳನ್ನು ಎರವಲು ತರುವಂತೆ ಪ್ರವಾದಿ ಹೇಳುತ್ತಾನೆ; ಎಣ್ಣೆ ತುಂಬುತ್ತದೆ; ಅದನ್ನು ಮಾರಿ ಅವಳು ಸಾಲ ತೀರಿಸಿ, ಮಿಕ್ಕದ್ದರಲ್ಲಿ ಮಕ್ಕಳೊಡನೆ ಬದುಕುತ್ತಾಳೆ. ಅವಳು ಮಾರಿದ್ದು ಎಣ್ಣೆಯನ್ನು, ಪಾತ್ರೆಯನ್ನಲ್ಲ. ದೇವರ ಕೃಪೆ ಸುರಿಯುವುದಕ್ಕೂ ಅಲ್ಲಿ ನೆರೆಹೊರೆಯವರ ಪಾತ್ರೆಗಳು ಬೇಕಾದವು. ನೊಂದ ಮನೆಯ ಪಾತ್ರೆಗಳನ್ನು ಅಗ್ಗಕ್ಕೆ ಕೊಳ್ಳುವ ನೆರೆಯವರಾಗದೆ, ಅವರಿಗೆ ಪಾತ್ರೆಗಳನ್ನು ಎರವಲು ಕೊಡುವ ನೆರೆಯವರಾಗೋಣ.